ಚಾದರದ ಮೇಲಿನ ಇಪ್ಪತ್ತನೆಯ ತುಂಡು

ಬೆಳಗಿನ ಐದೂವರೆ. ಗ್ಯಾರೇಜಿನ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅರವತ್ತೊಂದು ವರ್ಷದ ಹಿರಿಯರೊಬ್ಬರು ಮಂಡಿಯೂರಿ ಸಿಮೆಂಟು ನೆಲದ ಮೇಲೆ ಚಾದರ ಹಾಸುತ್ತಿದ್ದಾರೆ. ಮೂಲೆ ಎಳೆಯುತ್ತಾರೆ, ಸುಕ್ಕು ಸವರುತ್ತಾರೆ, ಹಿಂದೆ ಸರಿದು ಕತ್ತು ಓರೆ ಮಾಡಿ ನೋಡುತ್ತಾರೆ. ಮನೆಗೆ ಬೀಗರು ಬರುವ ದಿನವೂ ಇಷ್ಟು ಮುತುವರ್ಜಿಯಿಂದ ಯಾರೂ ಹಾಸಿಗೆ ಹಾಸುವುದಿಲ್ಲ.

ಚಾದರದ ಮೇಲೆ ಕಪ್ಪು ದಾರದಲ್ಲಿ ಒಂದು ಕಾರಿನ ಆಕಾರ ಹೊಲಿದಿದೆ. ತಾರಸಿಯ ಮೇಲೆ ನಿಂತು ಕೆಳಗೆ ನೋಡಿದರೆ ಕಾರು ಹೇಗೆ ಕಾಣುತ್ತದೋ ಹಾಗೆ: ಮೂತಿ, ಬೆನ್ನು, ನಾಲ್ಕು ಚಕ್ರ. ಮುಂದಿನ ಎರಡು ಚಕ್ರಗಳ ಜಾಗದಲ್ಲಿ ಮಾತ್ರ ಕೆಂಪು ದಾರದ ಎರಡು ವೃತ್ತಗಳಿವೆ. ಅವರು ಪಕ್ಕದ ಡಬ್ಬಿಯಿಂದ ಒಂದೊಂದೇ ತುಂಡು ತೆಗೆದು ಅದರದರ ಜಾಗದಲ್ಲಿ ಇಡುತ್ತಾರೆ. ಕತ್ತರಿಸಿದ ಎರಡು ಉಕ್ಕಿನ ಸರಳು, ಮುಷ್ಟಿಯಷ್ಟು ದಪ್ಪದ ಎರಡು ಕೀಲು, ರಬ್ಬರಿನ ಟೊಪ್ಪಿಗೆ, ಪಟ್ಟಿ, ಕ್ಲಿಪ್ಪು. ಒಟ್ಟು ಹತ್ತೊಂಬತ್ತು ತುಂಡು, ಹದಿನಾಲ್ಕು ಕಿಲೋ ತೂಕ. ಮಗ್ಗುಲಲ್ಲಿ ನಿಂತಿರುವ ಗಾಢ ನೀಲಿ ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಕಾರಿನ ಒಡಲಿನಿಂದ ಒಂಬತ್ತು ದಿನಗಳಲ್ಲಿ ಹೊರಬಂದ ಸಾಮಾನು ಇದು.

ಈ ಬೀದಿಯಲ್ಲಿ ಅವರನ್ನು ಎಲ್ಲರೂ ಚಾದರದ ಮಾಮ ಎಂದೇ ಕರೆಯುತ್ತಾರೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂತೆ ಕಾರ್ಖಾನೆಯಲ್ಲೇ ಹುಟ್ಟಿದ ಸ್ಪೋರ್ಟ್ಸ್ ಕಾರುಗಳನ್ನು ಹಿಂದಿನ ಎರಡೇ ಚಕ್ರದ ಬಲದಲ್ಲಿ ಓಡುವಂತೆ ಬದಲಾಯಿಸಿಕೊಡುವುದು ಅವರ ಕೆಲಸ. ಯಾಕೆ ಬದಲಾಯಿಸಬೇಕು? ಮೈದಾನದಲ್ಲಿ ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸಿ ಓಡಿಸುವ ಸ್ಪರ್ಧೆಗಳಿವೆ. ನಾಲ್ಕೂ ಚಕ್ರ ಬಲ ಹಾಕಿದರೆ ಕಾರು ನೆಲ ಕಚ್ಚಿಕೊಂಡು ಓಡುತ್ತದೆ, ಜಾರುವುದೇ ಇಲ್ಲ. ಮುಂದಿನವು ಎಳೆಯುವುದನ್ನು ಬಿಟ್ಟು, ಹಿಂದಿನವಷ್ಟೇ ತಳ್ಳಿದರೆ ಬಾಲ ಹೊರಗೆ ಹೋಗುತ್ತದೆ, ನೋಡುವವರಿಗೆ ಹಬ್ಬ. ಇದುವರೆಗೆ ಅವರ ಕೈಯಲ್ಲಿ ಇಪ್ಪತ್ಮೂರು ಕಾರುಗಳು ಹೀಗೆ ಬದಲಾಗಿವೆ. ಗೆದ್ದ ಚಾಲಕರ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಕಾರಿನ ಮೈಮೇಲೆ ಟಯರಿನವರು, ಎಣ್ಣೆಯವರು, ತಂಪು ಪಾನೀಯದವರು ಎಲ್ಲರ ಚೀಟಿಯೂ ಇರುತ್ತದೆ. ಮಾಮನ ಹೆಸರು ಎಲ್ಲಿಯೂ ಇರುವುದಿಲ್ಲ.

"ಒಂದ್ಸಲ ನೋಡೋಕೆ ಹೋಗಿದ್ದೆ," ಎನ್ನುತ್ತಾರೆ ಅವರು, ಕ್ಲಿಪ್ಪೊಂದನ್ನು ಒರೆಸುತ್ತಾ. "ಪಾಸ್ ಇಲ್ಲ ಅಂತ ಗೇಟಲ್ಲೇ ನಿಲ್ಲಿಸಿದ್ರು. ಬೇಲಿ ಸಂದಿಯಿಂದ ನೋಡ್ದೆ. ಚೆನ್ನಾಗೇ ಕಾಣ್ತಿತ್ತು. ನಾನು ಮಾಡಿದ ಕಾರಿನ ಹೊಗೆ ನನ್ನ ಮೂಗಿಗೇ ಬಂತು, ಇನ್ನೇನು ಬೇಕು?"

ಆರು ಗಂಟೆಗೆ ಹಿಂದಿನ ಕೋಣೆಯಿಂದ ಅವರ ಹೆಂಡತಿ ಎರಡು ಲೋಟ ಚಹಾ ಹಿಡಿದು ಬರುತ್ತಾರೆ. ಕತ್ತಿನಲ್ಲಿ ಅಳತೆ ಪಟ್ಟಿ, ಕಿವಿಯ ಮೇಲೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ. ಗ್ಯಾರೇಜಿನ ಹಿಂದೆಯೇ ಅವರ ಹೊಲಿಗೆ ಕೋಣೆ. ಶಾಲೆ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಚೀಲ, ಎಲ್ಲವೂ ಅಲ್ಲಿ ತಯಾರಾಗುತ್ತವೆ. ಬಂದವರೇ ಲೋಟ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾದರದ ಎದುರು ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಮಾಮ ಗೋಡೆಗೆ ಒರಗಿ ಬಾಯಿ ಮುಚ್ಚಿ ನಿಲ್ಲುತ್ತಾರೆ. ಇದು ಈ ಗ್ಯಾರೇಜಿನ ಕಟ್ಟಳೆ. ಕಾರು ಮೊದಲ ಸಲ ಹೊರಗೆ ಹೋಗುವ ಮುನ್ನ ಹೆಂಡತಿ ಚಾದರ ಓದಬೇಕು. ಓದುವಾಗ ಗಂಡ ಮಾತಾಡಕೂಡದು.

"ಕಾರಿನ ಬಗ್ಗೆ ನನಗೆ ಒಂದಕ್ಷರ ಬರಲ್ಲ," ಎನ್ನುತ್ತಾರೆ ಆಕೆ. "ಅದಕ್ಕೇ ನಾನು ಸರಿಯಾಗಿ ನೋಡ್ತೀನಿ. ಬಲ್ಲವರು ನೋಡಿದ್ರೆ, ಇರಬೇಕಾದ್ದು ಇದೆ ಅಂತ ಅಂದ್ಕೊಂಡೇ ನೋಡ್ತಾರೆ."

ಅವರ ಬೆರಳು ತುಂಡಿನಿಂದ ತುಂಡಿಗೆ ಹೋಗುತ್ತದೆ. ಕೆಂಪು ವೃತ್ತಗಳ ಹತ್ತಿರ ನಿಂತು ಅಂಗೈಯಿಂದ ಬಟ್ಟೆ ಸವರುತ್ತದೆ. ಎರಡೂ ಖಾಲಿ. ಖಾಲಿಯೇ ಇರಬೇಕು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಮುಗಿಯಿತು ಎನ್ನುವಷ್ಟರಲ್ಲಿ, ಕಾರಿನ ಬಾಲದ ಕಡೆ, ಗೋಡೆಗೆ ತಾಗಿದ ಅಂಚಿನಲ್ಲಿ, ಚಾದರದ ಒಂದು ಮಡಿಕೆ ಇನ್ನೂ ಬಿಚ್ಚಿಕೊಳ್ಳದೆ ಉಳಿದಿರುವುದು ಕಾಣುತ್ತದೆ. ಬಿಡಿಸುತ್ತಾರೆ. ಅದರೊಳಗಿಂದ ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ವಾಷರ್ ಉರುಳಿ, ಒಂದು ಸುತ್ತು ಹೊಡೆದು, ಮಲಗುತ್ತದೆ. ಎಣ್ಣೆ ಮೆತ್ತಿ ಕಪ್ಪಾದ ಬಿಲ್ಲೆ. ನಡುವೆ ತೂತು, ತೂತಿನ ಒಳಅಂಚಿಗೆ ಎರಡು ಪುಟ್ಟ ಹಲ್ಲು.

"ಇಪ್ಪತ್ತು," ಎನ್ನುತ್ತಾರೆ ಹೆಂಡತಿ.

ಮಾಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಲ್ಲುತ್ತದೆ. ವಾಷರನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಅಳೆಯುತ್ತಾರೆ, ಎಣ್ಣೆ ಮೂಸುತ್ತಾರೆ. "ಈ ಕಾರಿನದು ಅಲ್ಲ ಅನ್ಸುತ್ತೆ," ಎನ್ನುತ್ತಾರೆ. ಮರುಕ್ಷಣವೇ ತಮ್ಮನ್ನೇ ಗದರಿಕೊಳ್ಳುತ್ತಾರೆ. "ಅನ್ಸೋದಲ್ಲ. ಅನ್ಸಿದ್ದಕ್ಕೇ ಅವತ್ತು ಅಷ್ಟೆಲ್ಲ ಆಗಿದ್ದು." ಚಹಾ ಪಕ್ಕಕ್ಕಿಟ್ಟು, ಜಾಕ್ ಎಳೆದು, ಕಾರಿನ ಮೂತಿ ಮೇಲೆತ್ತತೊಡಗುತ್ತಾರೆ.

ಇವತ್ತಿನ ಕಾರು ಬೇರೆ ಯಾರದೋ ಆಗಿದ್ದರೆ ಇಷ್ಟು ಗಾಬರಿ ಬೀಳುತ್ತಿರಲಿಲ್ಲವೇನೋ. ಇದು ಮಗಳ ಕಾರು. ಇಂದು ಬೆಳಿಗ್ಗೆ ಇದರ ಮೊದಲ ಕಿಲೋಮೀಟರು ಓಡಿಸುವವಳೂ ಅವಳೇ. ಆರು ವರ್ಷಗಳ ಹಿಂದೆ ಇಂಥದೇ ಒಂದು ಮೊದಲ ಕಿಲೋಮೀಟರಿನಲ್ಲಿ ಅಪ್ಪನ ತಪ್ಪಿನಿಂದ ಅವಳ ಜೀವ ಹೋಗುವುದರಲ್ಲಿತ್ತು.

ಮಾಮ ಹದಿನೆಂಟನೆಯ ವಯಸ್ಸಿಗೆ ಒಂದು ಬಸ್ ಡಿಪೋದಲ್ಲಿ ಗೇರ್‌ಬಾಕ್ಸ್ ತೊಳೆಯುವ ಕೆಲಸಕ್ಕೆ ಸೇರಿದವರು. ಎಡಗೈಯ ಉಂಗುರ ಬೆರಳಿನ ತುದಿಯನ್ನು ಅಲ್ಲೇ ಒಂದು ಹಲ್ಲುಚಕ್ರಕ್ಕೆ ಕೊಟ್ಟರು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನಗೆ ಬೆರಳೂ ಮಟ್ಟ," ಎಂದು ಬೆರಳು ತೋರಿಸಿ ನಗುತ್ತಾರೆ. ಇಪ್ಪತ್ತೆರಡು ವರ್ಷ ದುಡಿದ ಮೇಲೆ ಡಿಪೋ ಮುಚ್ಚಿತು. ನಲವತ್ತನೆಯ ವಯಸ್ಸಿನಲ್ಲಿ, ಮೊದಲು ಪೀಠೋಪಕರಣದ ಅಂಗಡಿಯಾಗಿದ್ದ ಈ ಜಾಗ ಹಿಡಿದು, ಮುಂದೆ ಗ್ಯಾರೇಜು ಹಿಂದೆ ಹೊಲಿಗೆ ಎಂದು ಗಂಡ ಹೆಂಡತಿ ಹಂಚಿಕೊಂಡರು. ಸೋಫಾಗಳ ಬೆಲೆ ಬರೆದಿದ್ದ ಗೋಡೆಯ ಮೇಲೆ ಈಗ ಸ್ಪ್ಯಾನರುಗಳು ತೂಗುತ್ತವೆ.

ಚಾದರ ಬಂದದ್ದೂ ಆಗಲೇ. ಒಂದು ದಿನ ಬಟ್ಟೆ ಒಗೆಯುವಾಗ ಗಂಡನ ಜೇಬಿನಲ್ಲಿ ಹೆಂಡತಿಗೆ ಒಂದು ಬೋಲ್ಟ್ ಸಿಕ್ಕಿತು. ಹಿಂದಿನ ದಿನ ಮುಗಿಸಿ ಕಳಿಸಿದ ಕಾರಿನದು. "ನನ್ನ ಹತ್ರ ಒಂದು ಗುಂಡಿ ಉಳಿದ್ರೆ ಅಂಗಿ ಇನ್ನೂ ಮುಗಿದಿಲ್ಲ ಅಂತ ಅರ್ಥ," ಎಂದರಂತೆ ಆಕೆ. "ನಿಮ್ಮ ಹತ್ರ ಬೋಲ್ಟ್ ಉಳಿದ್ರೆ ಏನ್ರೀ ಅರ್ಥ?" ಅರ್ಥ ಹೊಳೆದು ಮಾಮ ಓಡಿಹೋಗಿ ಆ ಕಾರನ್ನು ವಾಪಸ್ ತಂದರು. ಅದೇ ಸಂಜೆ ಹೆಂಡತಿ ಒಂದು ಹಳೆಯ ಚಾದರದ ಮೇಲೆ ಸೀಮೆಸುಣ್ಣದಲ್ಲಿ ಕಾರು ಬರೆದುಕೊಟ್ಟರು. ಬಿಚ್ಚಿದ್ದು ಎಲ್ಲಿಯದೋ ಅಲ್ಲೇ ಇಡಬೇಕು, ಕೆಲಸ ಮುಗಿದಾಗ ಚಾದರ ಖಾಲಿಯಾಗಬೇಕು. ಇಂದಿನದು ಹನ್ನೊಂದನೆಯ ಚಾದರ. ಹಳೆಯ ಹತ್ತು ಹರಿದು, ಕೈ ಒರೆಸುವ ಬಟ್ಟೆಯಾಗಿ ಪುಣ್ಯ ಕಟ್ಟಿಕೊಂಡಿವೆ.

ಹದಿನೈದು ವರ್ಷ ಆ ಕಟ್ಟಳೆ ಒಂದೇ ಒಂದು ಸಲವೂ ಕೈಕೊಡಲಿಲ್ಲ. ಕೈಕೊಟ್ಟದ್ದು, ನಾಲ್ಕು ಚಕ್ರದ ಬಲವನ್ನು ಎರಡಕ್ಕೆ ಇಳಿಸುವ ಮೊಟ್ಟಮೊದಲ ಕಾರು ಬಂದಾಗ.

ಆ ಕೆಲಸವನ್ನು ಅರ್ಥ ಮಾಡಿಸುವುದು ಮಾಮನಿಂದ ಆಗದ ಮಾತು. ಅವರು ಶುರು ಮಾಡಿದರೆ ಗೇರಿನ ಹಲ್ಲು ಎಣಿಸುವಲ್ಲಿಗೆ ಹೋಗಿ ನಿಲ್ಲುತ್ತಾರೆ. ಹೆಂಡತಿ ಒಂದೇ ಉಸಿರಿಗೆ ಹೇಳುತ್ತಾರೆ: "ಬಾಬಿನ್‌ಗೆ ದಾರ ಸುತ್ತೋವಾಗ ಮಿಷನ್ ಚಕ್ರದ ಪಕ್ಕದ ತಿರುಪು ಸಡಿಲ ಮಾಡ್ತೀವಲ್ಲ? ಆಗ ಚಕ್ರ ತಿರುಗುತ್ತೆ, ಸೂಜಿ ಸುಮ್ಮನೆ ನಿಂತಿರುತ್ತೆ. ಇವರು ಮಾಡೋದೂ ಅಷ್ಟೇ. ಎಂಜಿನ್ ತಿರುಗುತ್ತೆ, ಮುಂದಿನ ಚಕ್ರಕ್ಕೆ ಸುದ್ದಿ ಮುಟ್ಟಲ್ಲ."

ಹೇಳುವುದು ಸುಲಭ. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಗಳಿಗೆ ಹೋಗುವ ಎರಡು ಸರಳುಗಳನ್ನು ತೆಗೆಯಬೇಕು. ತೆಗೆದ ಜಾಗದಿಂದ ಎಣ್ಣೆ ಸೋರದಂತೆ ಬಿರಡೆ ಹಾಕಬೇಕು. ಎದುರು ಸಾಲಿನ ಲೇತ್‌ನವನು ಆ ಬಿರಡೆಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕಡೆದುಕೊಡುತ್ತಾನೆ. ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆಯೊಂದಿದೆ, ಅದನ್ನು ಬಿಗಿದು ಕಟ್ಟಬೇಕು. ಇಲ್ಲದಿದ್ದರೆ ನೀರು ತಗ್ಗಿಗೆ ಹರಿಯುವಂತೆ ಬಲವೆಲ್ಲ ಏನೂ ಇಲ್ಲದ ಮುಂಭಾಗಕ್ಕೇ ಹರಿದು ಹಿಂದಿನ ಚಕ್ರ ಅಲುಗಾಡುವುದಿಲ್ಲ. ಆ ಮೊದಲ ಕಾರಿಗೆ ಮಾಮ ಇದೆಲ್ಲವನ್ನೂ ಸರಿಯಾಗಿಯೇ ಮಾಡಿದರು. ಆದರೆ ಒಂದು ವಿಷಯ ಅವರ ತಲೆಗೆ ಹೋಗಲಿಲ್ಲ. ಆ ಸರಳಿನ ಹೊರತುದಿಯಲ್ಲಿ ಅಂಗೈಯುದ್ದದ ಒಂದು ಗೂಟ ಇರುತ್ತದೆ. ಅದು ಚಕ್ರದ ನಡುವೆ ತೂರಿ ಬಂದು ಹೊರಗೆ ಒಂದು ದೊಡ್ಡ ನಟ್ಟಿನಿಂದ ಬಿಗಿಯಾಗುತ್ತದೆ. ಚಕ್ರವನ್ನು ತಿರುಗಿಸುವುದು ಅದರ ಒಂದು ಕೆಲಸ. ಚಕ್ರದ ಬೇರಿಂಗಿನ ಎರಡು ಹೋಳುಗಳನ್ನು ಒತ್ತಿ ಹಿಡಿಯುವುದು ಇನ್ನೊಂದು. ಹಾಗಾಗಿ ಸರಳನ್ನು ಕತ್ತರಿಸಿ, ಗೂಟವನ್ನು ಚಕ್ರದಲ್ಲೇ ಬಿಡಬೇಕು. ಮಾಮ ಗೂಟದ ಸಮೇತ ಇಡೀ ಸರಳನ್ನು ಹೊರತೆಗೆದು ಚಾದರದ ಮೇಲೆ ಇಟ್ಟರು.

"ಮೂವತ್ತೇಳು ವರ್ಷದಿಂದ ಅದನ್ನ ಬಿಚ್ತಿದ್ದೆ, ಹಾಕ್ತಿದ್ದೆ. ಬಿಚ್ಚಿ ಹಾಕದೇ ಬಿಟ್ಟಿದ್ದು ಅದೇ ಮೊದಲು," ಎನ್ನುತ್ತಾರೆ. "ಚಕ್ರ ಹಿಡ್ಕೊಂಡಿರೋದು ಹೊರಗಿನ ಐದು ನಟ್ಟು ಅಂತಿದ್ದೆ. ಇನ್ನು ಚಾದರ ನೋಡಿದ್ರೆ, ಆ ಕೆಲಸದಲ್ಲಿ ಸಾಮಾನು ಉಳಿಯೋದೇ ಸರಿ. ಉಳಿದಿದ್ರಲ್ಲಿ ತಪ್ಪು ಯಾವುದು ಅಂತ ಹೇಗೆ ಗೊತ್ತಾಗಬೇಕು?"

ಅಂದು ಅವರ ಮಂಡಿ ನೋಯುತ್ತಿತ್ತು. ಇಪ್ಪತ್ತೊಂದರ ಮಗಳು ಕಾರನ್ನು ಓಡಿಸಿ ನೋಡಿಬರಲು ಹೊರಟಳು. ಬೀದಿಯ ಹಿಂದೆ ಹಳೆಯ ಗೋದಾಮುಗಳ ನಡುವೆ ಒಂದು ಖಾಸಗಿ ರಸ್ತೆಯಿದೆ. ಗೋದಾಮಿನ ಕಾವಲುಗಾರನ ಒಪ್ಪಿಗೆಯಿಂದ ಗ್ಯಾರೇಜಿನ ಕಾರುಗಳು ಅಲ್ಲಿ ಒಂದು ಸುತ್ತು ಹಾಕಿ ಬರುತ್ತವೆ. ಅವಳು ಹೋದ ಮೇಲೆ ಮಾಮ ಚಾದರ ಮಡಿಸಲು ಬಗ್ಗಿದರು. ಸರಳನ್ನು ಎತ್ತಿದರು. ಗೂಟದ ಬುಡದಲ್ಲಿ ಬಳೆಯಾಕಾರದ ಒಂದು ಹೊಳೆಯುವ ಮಚ್ಚೆ ಕಾಣಿಸಿತು. ಏನನ್ನೋ ವರ್ಷಗಟ್ಟಲೆ ಒತ್ತಿ ಹಿಡಿದ ಮಚ್ಚೆ. ಏನನ್ನು ಎಂದು ಯೋಚಿಸುತ್ತಿದ್ದಂತೆಯೇ ಉತ್ತರ ಹೊಳೆಯಿತು.

ಲೇತ್‌ನವನಿಗೆ ಆ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದೆ. "ಅಣ್ಣ ಬಂದವರೇ ಮಾತಿಲ್ಲ ಕತೆಯಿಲ್ಲ, ನನ್ನ ಸೈಕಲ್ ಎತ್ಕೊಂಡ್ರು. ಒಂದು ಕೈಯಲ್ಲಿ ಆ ಸರಳು. ಅದರ ಭಾರಕ್ಕೆ ಸೈಕಲ್ ಹಾವಿನ ಹಾಗೆ ಹೋಗ್ತಿತ್ತು. ಯಾರನ್ನೋ ಹೊಡೆಯೋಕೆ ಹೋಗ್ತಿದ್ದಾರೆ ಅಂತ ನಾನೂ ಹಿಂದೆ ಓಡ್ದೆ!"

ಎಂಟುನೂರು ಮೀಟರು ದೂರದಲ್ಲಿ ಕಾರು ರಸ್ತೆ ಬದಿಗೆ ನಿಂತಿತ್ತು. ಮಗಳು ಮೋರಿ ಕಟ್ಟೆಯ ಮೇಲೆ ಕಾಲಾಡಿಸುತ್ತಾ ಕುಳಿತಿದ್ದಳು. ಎಡಗಡೆಯ ಮುಂದಿನ ಚಕ್ರ ಎರಡು ಬೆರಳಷ್ಟು ವಾಲಿಕೊಂಡು, ಬ್ರೇಕಿನ ಹಿಡಿತವನ್ನೂ ಸಡಿಲಿಸಿತ್ತು. "ಯಾಕಪ್ಪಾ ಹೀಗೆ ಏದುಸಿರು ಬಿಡ್ತಿದ್ದೀಯ? ಬ್ರೇಕ್ ಪೆಡಲ್ ಯಾಕೋ ಕೆಳಗೆ ಹೋಯ್ತು. ಅದಕ್ಕೆ ನಿಲ್ಲಿಸ್ದೆ," ಎಂದಳು. ಮೊದಲ ಕಿಲೋಮೀಟರು ನಡಿಗೆಯ ವೇಗದಲ್ಲಿ ಹೋಗಬೇಕು, ಕಿಟಕಿ ಇಳಿಸಿರಬೇಕು, ಹಾಡು ಹಾಕಬಾರದು, ಏನಾದರೂ ಬೇರೆಯಾಗಿ ಅನ್ನಿಸಿದರೆ ಅಲ್ಲೇ ನಿಲ್ಲಬೇಕು ಎಂದು ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ಮಾಮ ಸರಳನ್ನು ರಸ್ತೆಯ ಮೇಲೆ ಇಟ್ಟು, ಅವಳ ಪಕ್ಕ ಕುಳಿತು, ಮಗುವಿನ ಹಾಗೆ ಅತ್ತರು.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಬಿಡಿ, ಅಂತ ಇವರಿಗೆ ಸಮಾಧಾನ ಹೇಳ್ದೆ," ಎನ್ನುತ್ತಾರೆ ಹೆಂಡತಿ. "ಹೇಳಿ ಒಳಗೆ ಹೋಗಿ ನಾನೂ ಅತ್ತೆ."

ಮಾಮ ಅದನ್ನು ಮುಚ್ಚಿಡಲಿಲ್ಲ. ಕಾರಿನ ಯಜಮಾನನನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗೂಟ ಹಾಕಿ ಸರಿಮಾಡಿಕೊಟ್ಟರು. ಆಮೇಲೆ ತಮಗೆ ಗೊತ್ತಿದ್ದ ಹನ್ನೊಂದು ಗ್ಯಾರೇಜುಗಳಿಗೆ ಫೋನು ಮಾಡಿ, ನಾನು ಹೀಗೆ ಮಾಡಿದೆ, ನೀವು ಮಾಡಬೇಡಿ ಎಂದರು. ಇಬ್ಬರು ನಕ್ಕರು. ಒಬ್ಬ, ಇಷ್ಟು ವರ್ಷದ ಅನುಭವ ಎಲ್ಲಿ ಹೋಯಿತು ಮಾರಾಯರೇ ಎಂದ. ಅದೇ ಮನುಷ್ಯ ತಿಂಗಳು ಕಳೆದ ಮೇಲೆ ತಾನೇ ಫೋನು ಮಾಡಿ, ಇಂದು ನನ್ನ ಕೈಯಲ್ಲೂ ಆ ಗೂಟ ಹೊರಬರುವುದರಲ್ಲಿತ್ತು, ನಿಮ್ಮ ದನಿ ಕೇಳಿದಂತಾಯಿತು ಎಂದನಂತೆ. ಈ ಕತೆ ಹೇಳುವಾಗ ಮಾತ್ರ ಮಾಮನ ಕಣ್ಣು ಹೊಳೆಯುತ್ತದೆ. ಪತ್ರಿಕೆಯಲ್ಲಿ ಬರೆಯುವುದಿದ್ದರೆ ಆ ಗೂಟದ ವಿಷಯ ಬರೆಯಿರಿ, ನನ್ನ ಫೋಟೋ ಬಿಟ್ಟರೂ ನಡೆಯುತ್ತದೆ ಎನ್ನುತ್ತಾರೆ.

ಅಂದಿನಿಂದ ಚಾದರಕ್ಕೆ ಕೆಂಪು ವೃತ್ತಗಳು ಬಂದವು. ಗೂಟಗಳು ಅಲ್ಲಿ ಕಂಡರೆ ಕಾರು ಹೊರಡುವಂತಿಲ್ಲ. ಹೆಂಡತಿಯ ಓದು ಬಂತು. ಸ್ವಂತಕ್ಕೊಂದು ಸೈಕಲ್ಲೂ ಬಂತು. ಯಾವುದೇ ಕಾರಿನ ಮೊದಲ ಸುತ್ತಿನ ದಿನ ಅದಕ್ಕೆ ಗಾಳಿ ತುಂಬಿ, ಮೂತಿಯನ್ನು ರಸ್ತೆಯ ಕಡೆ ಮಾಡಿ, ಷಟರಿನ ಹೊರಗೆ ನಿಲ್ಲಿಸುತ್ತಾರೆ. ಆಮೇಲಿನ ಇಪ್ಪತ್ತೆರಡು ಕಾರುಗಳ ಮೊದಲ ಕಿಲೋಮೀಟರನ್ನು ಮಾಮ ಒಬ್ಬರೇ ಓಡಿಸಿದ್ದಾರೆ. ಇವರೇ ಕಾರಿನಲ್ಲಿದ್ದರೆ ಸೈಕಲ್ ಹತ್ತಿ ಅಟ್ಟಿಸಿಕೊಂಡು ಹೋಗುವವರು ಯಾರು ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಮನಸ್ಸಿನ ಸಮಾಧಾನಕ್ಕೆ, ಅಷ್ಟೇ.

ಮಗಳಿಗೆ ಈಗ ಇಪ್ಪತ್ತೇಳು. ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಾಳೆ. ವಾರವಿಡೀ ಜನರಿಗೆ ನಿಧಾನ, ನಿಧಾನ ಎಂದು ಹೇಳಿ ಗಂಟಲು ಒಣಗಿಸಿಕೊಂಡು, ರಜೆಯ ದಿನ ಮೈದಾನದಲ್ಲಿ ಸ್ನೇಹಿತರ ಕಾರುಗಳನ್ನು ಅಡ್ಡಡ್ಡ ಜಾರಿಸುತ್ತಾಳೆ. ಎಲ್ಲೋ ಮೂಲೆ ಹಿಡಿದಿದ್ದ ಈ ನೀಲಿ ಕಾರನ್ನು ತಾನೇ ಹುಡುಕಿ ತಂದಳು. ಬದಲಾಯಿಸಿಕೊಡು ಅಪ್ಪಾ ಎಂದಳು. ಜೊತೆಗೊಂದು ಷರತ್ತು ಹಾಕಿದಳು: ಮೊದಲ ಕಿಲೋಮೀಟರು ನನ್ನದು. ಒಂಬತ್ತು ದಿನ ಮನೆಯಲ್ಲಿ ಇದೇ ಜಗಳ. ಕೊನೆಗೆ ಮೊನ್ನೆ ಅವಳು ಹೇಳಿದ ಮಾತಿಗೆ ಮಾಮ ಸೋತರು.

"ಅವತ್ತು ಕಾರು ನಿಲ್ಲಿಸಿದ್ದು ಯಾರಪ್ಪಾ? ನಾನು. ನಿಲ್ಲಿಸ್ದೆ, ಇಳಿದೆ, ಮನೆಗೆ ಬಂದೆ. ಆರು ವರ್ಷದಿಂದ ಆ ರಸ್ತೇಲೇ ಬ್ರೇಕ್ ತುಳ್ಕೊಂಡು ಕೂತಿರೋನು ನೀನು."

ಹಾಗೆ ಒಪ್ಪಿದ ಮೇಲೆ, ಅವಳು ಹೊರಡುವ ದಿನವೇ ಈ ಇಪ್ಪತ್ತನೆಯ ತುಂಡು. ಏಳು ಗಂಟೆಯ ಹೊತ್ತಿಗೆ ಮುಂದಿನ ಎರಡೂ ಚಕ್ರ ಹೊರಗಿವೆ. ಮಾಮ ಎಡಗಡೆಯ ದೊಡ್ಡ ನಟ್ಟಿನ ಎದುರು ಮಲಗಿದ್ದಾರೆ. ಗೂಟ ಇದೆ. ನಟ್ಟು ಇದೆ, ಅದು ಸಡಿಲವಾಗದಂತೆ ತಡೆಯುವ ಪಿನ್ನೂ ಇದೆ. ಬಲಗಡೆಯೂ ಹಾಗೆಯೇ. ಎರಡು ಕೈಯಲ್ಲಿ ಚಕ್ರ ಕೂರುವ ಹಬ್ ಹಿಡಿದು ಅಲುಗಾಡಿಸುತ್ತಾರೆ. ಮಿಸುಕುವುದಿಲ್ಲ. ಆದರೂ ಅಂಗೈಯಲ್ಲಿರುವ ವಾಷರ್ ಅಂಗೈಯಲ್ಲೇ ಇದೆ. ಲೇತ್‌ನವನು ಬಂದು ನೋಡಿ, ನನ್ನದಲ್ಲ ಎಂದು ತಲೆಯಾಡಿಸಿ, ಹೋಗದೆ ಅಲ್ಲೇ ನಿಂತಿದ್ದಾನೆ. ಕಾರಿನ ಭಾಗಗಳ ಚಿತ್ರವಿರುವ ದಪ್ಪ ಪುಸ್ತಕವನ್ನು ಮಾಮ ಹಾಳೆ ಹಾಳೆ ತಿರುವುತ್ತಾರೆ. ಒಳಗೆ ಎರಡು ಹಲ್ಲಿರುವ ವಾಷರ್ ಯಾವ ಹಾಳೆಯಲ್ಲೂ ಇಲ್ಲ.

ಏಳೂಕಾಲಿಗೆ ಬೆಳಗಿನ ತರಗತಿ ಮುಗಿಸಿ ಮಗಳು ಬರುತ್ತಾಳೆ. ಚಕ್ರ ಕಳಚಿಕೊಂಡು ನಿಂತ ಕಾರು, ಚಾದರ, ಅಪ್ಪನ ಮುಖ, ಮೂರನ್ನೂ ನೋಡಿ ಅವಳಿಗೆ ಅರ್ಥವಾಗುತ್ತದೆ.

"ಇವತ್ತು ಆಗಲ್ಲಮ್ಮ," ಎನ್ನುತ್ತಾರೆ ಮಾಮ. ದನಿ ಮೆತ್ತಗಿದೆ. "ಇದು ಎಲ್ಲಿದು ಅಂತ ಗೊತ್ತಾಗೋವರೆಗೂ ಕಾರು ಕದಲಲ್ಲ. ಗೇರ್‌ಬಾಕ್ಸ್ ಮತ್ತೆ ಇಳಿಸ್ತೀನಿ."

"ಗೇರ್‌ಬಾಕ್ಸ್ ಇಳಿಸಿದ್ರೆ ಇನ್ನೊಂದು ವಾರ. ಭಾನುವಾರ ಮೈದಾನಕ್ಕೆ ಹೆಸರು ಕೊಟ್ಟಿದ್ದೀನಿ ಅಪ್ಪಾ."

"ಮೈದಾನ ಎಲ್ಲೂ ಓಡಿಹೋಗಲ್ಲ."

ಅವಳು ವಾಷರ್ ತೆಗೆದುಕೊಂಡು ತಿರುಗಿಸಿ ನೋಡುತ್ತಾಳೆ. ಹುಬ್ಬು ಗಂಟಿಕ್ಕುತ್ತದೆ. "ಇದನ್ನ ಎಲ್ಲೋ ನೋಡಿದ್ದೀನಲ್ಲ," ಎನ್ನುತ್ತಾಳೆ. ಎಲ್ಲಿ ಎಂದು ನೆನಪಾಗುವುದಿಲ್ಲ. ಮಾಮ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ತಳ್ಳುತ್ತಾರೆ. ಒಂಬತ್ತು ದಿನದ ಕೆಲಸವನ್ನು ಹಿಂದಿನಿಂದ ಬಿಚ್ಚಲು ಮೊದಲ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಹೆಂಡತಿಯ ದನಿ.

"ರೀ! ನನ್ನ ಮಿಷನ್‌ಗೆ ಏನಾಯ್ತು ನೋಡಿ! ಪೆಡಲ್ ತುಳಿದ್ರೆ ಚಕ್ರ ಗಿರಗಿರ ಅಂತ ತಿರುಗ್ತಿದೆ, ಸೂಜಿ ಮಾತ್ರ ಕದಲ್ತಿಲ್ಲ! ತಿರುಪು ಎಷ್ಟು ಬಿಗಿ ಮಾಡಿದ್ರೂ ಅಷ್ಟೇ!"

ಮಗಳ ಬಾಯಿ ತೆರೆದುಕೊಳ್ಳುತ್ತದೆ. ಕೈ ತಲೆಯ ಮೇಲೆ ಹೋಗುತ್ತದೆ.

"ಅಯ್ಯೋ ದೇವರೇ! ನಾನು! ನಾನೇ ಅಪ್ಪಾ!"

ಆದದ್ದಿಷ್ಟು. ನಿನ್ನೆ ಮಧ್ಯಾಹ್ನ ಸವೆದ ಕೆಂಪು ವೃತ್ತಗಳನ್ನು ಮತ್ತೆ ಹೊಲಿಯಲೆಂದು ಅಮ್ಮ ಚಾದರವನ್ನು ಹೊಲಿಗೆ ಕೋಣೆಗೆ ಒಯ್ದಿದ್ದರು. ಹೊಲಿದು, ಮಡಿಸಿ, ಮಿಷನ್ನಿನ ಪಕ್ಕ ಇಟ್ಟು ಅಂಗಡಿಗೆ ಹೋದರು. ಅಮ್ಮನಿಗೆ ಒಂದು ಉಪಕಾರ ಮಾಡೋಣ ಎಂದು ಮಗಳು ಮಿಷನ್ನಿನ ಚಕ್ರ ಬಿಚ್ಚಿ, ಒರೆಸಿ, ಎಣ್ಣೆ ಹಾಕಿದಳು. ಅಪ್ಪ ಕಲಿಸಿದ ಅಭ್ಯಾಸದಂತೆ ಬಿಚ್ಚಿದ್ದನ್ನೆಲ್ಲ ಚಾದರದ ಮೇಲೆಯೇ ಇಟ್ಟಳು. ಮತ್ತೆ ಜೋಡಿಸುವಾಗ ಚಕ್ರವನ್ನು ಹಿಡಿದು ನಿಲ್ಲಿಸುವ ವಾಷರ್ ಮಡಿಕೆಯೊಳಗೆ ಜಾರಿ ಅಲ್ಲೇ ಉಳಿಯಿತು. ತಿರುಪು ಬಿಗಿಯಾಯಿತು, ಮಿಷನ್ ಸರಿಯಾಯಿತು ಎಂದುಕೊಂಡಳು.

ಮಾಮ ಕಾರಿನ ಕೆಳಗಿನಿಂದ ಎದ್ದು ಬರುತ್ತಾರೆ. ವಾಷರ್ ಹಿಡಿದು ಹೊಲಿಗೆ ಕೋಣೆಗೆ ಹೋಗುತ್ತಾರೆ. ತಿರುಪು ಬಿಚ್ಚಿ, ಎರಡು ಪುಟ್ಟ ಹಲ್ಲುಗಳನ್ನು ಅವುಗಳ ಕಚ್ಚಿನಲ್ಲಿ ಕೂರಿಸಿ, ಮತ್ತೆ ಬಿಗಿ ಮಾಡುತ್ತಾರೆ. ಹೆಂಡತಿ ಪೆಡಲ್ ತುಳಿಯುತ್ತಾರೆ. ಸೂಜಿ ಟಕಟಕನೆ ಕುಣಿಯುತ್ತದೆ. ಎದೆಯ ಮೇಲಿನ ಕಲ್ಲು ಇಳಿದವರಂತೆ ಮಾಮ ಬಾಗಿಲ ಚೌಕಟ್ಟಿಗೆ ಒರಗುತ್ತಾರೆ. ಆಮೇಲೆ ನಗು ಶುರುವಾಗುತ್ತದೆ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಲೇತ್‌ನವನು ನಗುತ್ತಾನೆ, ಮಗಳು ನಾಚಿಕೆಯಲ್ಲೇ ನಗುತ್ತಾಳೆ.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ," ಎನ್ನುತ್ತಾರೆ ಹೆಂಡತಿ, ದಾರ ಪೋಣಿಸುತ್ತಾ. "ಸುಳ್ಳು. ಇದು ಪೂರ್ತಿ ಅಪ್ಪನ ನೂಲು. ಮುಖ್ಯವಾದ್ದನ್ನೇ ಚಾದರದ ಮೇಲೆ ಬಿಟ್ಟು ಬರೋ ವಂಶ!"

ಮಗಳು ಅಪ್ಪನ ಮುಖ ನೋಡುತ್ತಾಳೆ. ಅವರು ಬೇಸರಗೊಂಡಿಲ್ಲ. ಅದೇ ತಪ್ಪು, ಅದೇ ಚಾದರ. ಆರು ವರ್ಷ ತಮ್ಮೊಬ್ಬರದೇ ಎಂದು ಹೊತ್ತುಕೊಂಡಿದ್ದ ತಪ್ಪು ಎಚ್ಚರದ ಕೈಯಿಂದಲೂ ಆಗುವಂಥದ್ದು ಎಂದು ಅವರಿಗೆ ಇಂದು ಮೊದಲ ಸಲ ಅನ್ನಿಸಿದೆ. ಹಾಗೆಂದು ಅವರೇ ಬಾಯಿ ಬಿಟ್ಟು ಹೇಳುತ್ತಾರೆ. "ನಾನೊಬ್ಬನೇ ದಡ್ಡ ಅಂದ್ಕೊಂಡಿದ್ದೆ ಕಣಮ್ಮ. ಜೊತೆಗೆ ನೀನೂ ಇದ್ದೀಯ. ಎಷ್ಟು ಹಗುರ ಆಯ್ತು ಗೊತ್ತಾ?"

ಚಕ್ರಗಳು ಮತ್ತೆ ಏರುತ್ತವೆ. ಹೆಂಡತಿ ಎರಡನೆಯ ಸಲ ಚಾದರ ಓದುತ್ತಾರೆ. ಹತ್ತೊಂಬತ್ತು. ಕೆಂಪು ವೃತ್ತ ಎರಡೂ ಖಾಲಿ. ಎಂಟೂವರೆಗೆ ಷಟರ್ ಪೂರ್ತಿ ಮೇಲೇಳುತ್ತದೆ. ಮಗಳು ಕಿಟಕಿ ಇಳಿಸಿ, ನಡಿಗೆಯ ವೇಗದಲ್ಲಿ ಗೋದಾಮಿನ ರಸ್ತೆಯ ಕಡೆ ಹೊರಡುತ್ತಾಳೆ. ಮಾಮ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದಾರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ತಿರುವನ್ನೇ ನೋಡುತ್ತಾರೆ. ನಾಲ್ಕು ನಿಮಿಷ. ಏಳು ನಿಮಿಷ. ಹತ್ತನೆಯ ನಿಮಿಷದಲ್ಲಿ ಒಂದು ಕಾಲು ಪೆಡಲಿನ ಮೇಲೆ ಹೋಗುತ್ತದೆ. ಹನ್ನೆರಡಕ್ಕೆ ಇನ್ನೊಂದು ತುದಿಯಿಂದ ನೀಲಿ ಮೂತಿ ಕಾಣಿಸುತ್ತದೆ. ಮಾಮನ ಬಾಯಿಂದ ಹೊರಬಂದ ಉಸಿರು ಎದುರು ಅಂಗಡಿಯ ಲೇತ್‌ನವನಿಗೂ ಕೇಳಿಸುತ್ತದೆ.

ಕಾರು ನಿಲ್ಲುತ್ತದೆ. ಮಾಮ ಬಗ್ಗಿ, ಮುಂದಿನ ಚಕ್ರದ ನಡುವಿಗೆ ಅಂಗೈ ಒತ್ತುತ್ತಾರೆ. ಬೇರಿಂಗ್ ಸಡಿಲವಾಗಿದ್ದರೆ ಅಲ್ಲಿ ಬಿಸಿ ಏರಿರುತ್ತದೆ. ತಣ್ಣಗಿದೆ. ಇನ್ನೊಂದು ಬದಿಗೆ ಹೋಗಿ ಒತ್ತುತ್ತಾರೆ. ಅದೂ ತಣ್ಣಗಿದೆ.

"ಬ್ರೇಕ್?"

"ಕಲ್ಲಿನ ಹಾಗಿದೆ."

"ಸದ್ದು?"

"ನಿನ್ನ ಗೊರಕೆಗಿಂತ ಕಮ್ಮಿ." ಮಗಳು ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತಾಳೆ. "ಅಪ್ಪಾ, ಇನ್ನೊಂದು ಸುತ್ತು? ಸ್ವಲ್ಪ ಜೋರಾಗಿ?"

ಮಾಮ ಕಾರಿನ ಚಾವಣಿಯನ್ನು ಎರಡು ಸಲ ತಟ್ಟುತ್ತಾರೆ. ನೀಲಿ ಕಾರು ತಿರುಗಿ, ಹಿಂದಿನ ಚಕ್ರ ಒಮ್ಮೆ ಕೀಚಲು ದನಿ ಮಾಡಿ, ಹೊರಟುಹೋಗುತ್ತದೆ. ಅದು ತಿರುವು ದಾಟುವ ಮೊದಲೇ ಮಾಮ ಆ ಕಡೆಗೆ ಬೆನ್ನು ಹಾಕಿ, ಸೈಕಲ್ಲನ್ನು ತಳ್ಳಿಕೊಂಡು ಒಳಗೆ ತಂದು, ಗೋಡೆಗೆ ಒರಗಿಸುತ್ತಾರೆ.

ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತ ಹೆಂಡತಿ ಅದನ್ನು ನೋಡುತ್ತಿದ್ದಾರೆ. "ಬೆಳಿಗ್ಗೆ ಎದ್ದು ಅಷ್ಟು ಕಷ್ಟಪಟ್ಟು ಗಾಳಿ ತುಂಬಿಸಿದ್ರಿ. ದಂಡ ಆಯ್ತಲ್ಲ?"

"ಆಗ್ಲಿ ಬಿಡೇ," ಎನ್ನುತ್ತಾರೆ ಚಾದರದ ಮಾಮ. "ಆರು ವರ್ಷದಿಂದ ದಂಡ ಆಗ್ಲಿ ಅಂತಾನೇ ತುಂಬಿಸ್ತಿರೋದು."